ಬೈಗುಳದ ತವರುಮನೆ

“ಕಾಂಚನಾ ನಾಳೆ ಇಚಲಕರಂಜಿಗೆ ಹೊಂಟಾಳಂತ ಲೇ. ಹನ್ನೊಂದರ ಬಸ್ಸಿಗೆ. ಪರೀಕ್ಷಾನೂ ಬರಿಯಂಗಿಲ್ಲಂತ.”

ಉಜ್ವಲಾ ಇದನ್ನು ಹೇಳಿದ್ದು ಜಮಖಂಡಿಯಿಂದ ಬನಹಟ್ಟಿಗೆ ಬರುವ ಬಸ್ಸಿನಲ್ಲಿ, ಶನಿವಾರ ಮಧ್ಯಾಹ್ನ, ಬಾಯಲ್ಲಿ ಅರ್ಧ ಶೇಂಗಾ ಇಟ್ಟುಕೊಂಡು. ನಾನು ಫೋನಿನಲ್ಲಿ ಸ್ಟೇಟಸ್ ಬರೆಯುತ್ತಿದ್ದೆ. ಬೆರಳು ಅಲ್ಲೇ ನಿಂತಿತು.

“ಯಾವ ಕಾಂಚನಾ?”

“ಎಷ್ಟ ಮಂದಿ ಅದಾರ ನಿನಗ ಕಾಂಚನಾ? ಲಗಮವ್ವನ ಮಗಳು, ನಿಮ್ಮ ಹಿಂದಿನ ಓಣ್ಯಾಕಿ. ಅಲ್ಲಿ ಆಕಿ ಸ್ವಾದರತ್ತಿ ಅದಾಳಂತ. ಅವ್ರ ಶೆಡ್ಡಿನಾಗ ಕೆಲಸಾ ಮಾಡಾಕ ಹೊಂಟಾಳ.”

“ಸುಳ್ಳ ಹೇಳಬ್ಯಾಡ. ಗುರುವಾರ ಎಲ್ಲಾ ಬಗಿಹರದೈತಿ. ನಾನ ಬಗಿಹರಿಸೇನಿ.”

“ಹೂಂ. ನೀ ಬಗಿಹರಿಸಿದ್ದಕ್ಕ ಹೊಂಟಾಳಂತ ಅವ್ರವ್ವ ಹೇಳಿದ್ಲು.”

ಉಜ್ವಲಾ ಶೇಂಗಾ ಸಿಪ್ಪೆಯನ್ನು ಕಿಟಕಿಯಿಂದ ಹೊರಗೆ ಊದಿದಳು. ನನ್ನ ಮುಖ ನೋಡಿ ಇನ್ನೊಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿದಳು. ತಿನ್ನಲಾಗಲಿಲ್ಲ. ನಾನು ತಿನ್ನದೆ ಇರುವುದು ಬಹಳ ಅಪರೂಪ.

ಗುರುವಾರ ನಾನು ಏನು ಮಾಡಿದೆ ಅಂತ ಹೇಳಬೇಕಾದರೆ ಅನಗವಾಡಿ ಸರ್ ಅವರಿಂದ ಶುರು ಮಾಡಬೇಕು.

ಸರ್ ಬನಹಟ್ಟಿಯಲ್ಲಿ ಒಂದು ಮಾಳಿಗೆಯ ಮೇಲೆ ಡಿಗ್ರಿ ಓದುವವರಿಗೆ ಸಂಜೆ ಇಂಗ್ಲಿಷ್ ಕ್ಲಾಸು ನಡೆಸುತ್ತಾರೆ. ಜಮಖಂಡಿಯಲ್ಲಿ ತಲೆಮಾರುಗಳಿಂದ ನೆಲೆ ನಿಂತ ಮನೆತನ. ಅಪ್ಪ ಹೆಡ್‌ಮಾಸ್ತರರು, ಅಜ್ಜ ಸಂಸ್ಥಾನದ ಕಾಲದ ಕಚೇರಿಯಲ್ಲಿ ಕಾರಕೂನರು. ಆ ಅಜ್ಜ ಯಾವನೋ ಬಿಳಿ ಸಾಹೇಬನ ಕೈಯಲ್ಲಿ ಬೈಸಿಕೊಂಡು ಬೈಸಿಕೊಂಡು ಬೈಗುಳ ಕಲಿತರಂತೆ. ಬೇರೆಯವರ ಅಜ್ಜಂದಿರು ಹೊಲ ಬಿಟ್ಟು ಹೋಗುತ್ತಾರೆ, ಸರ್ ಅವರ ಅಜ್ಜ ಬೈಗುಳ ಬಿಟ್ಟು ಹೋದರು. ಅದೂ ಈಗ ಇಂಗ್ಲೆಂಡಿನಲ್ಲೂ ಯಾರೂ ಬಯ್ಯದಂಥ ಬೈಗುಳ. ನವೀನ ‘ನೇವ್’, ಅಮಿತ ‘ಬ್ಲಾಗಾರ್ಡ್’, ಉಜ್ವಲಾ ‘ಡನ್ಸ್’. ನಾನು ‘ವಿಂಡ್‌ಬ್ಯಾಗ್’, ಗಾಳಿಚೀಲ. ನಮಗೆ ಸಿಟ್ಟು ಬರುತ್ತಿರಲಿಲ್ಲ. ಬೈಗುಳ ಸಿಗದವರಿಗೇ ಬೇಜಾರು. ಅಮಿತ ಬೈಕಿನ ನಂಬರ್ ಪ್ಲೇಟಿನ ಮೇಲೆ ಬ್ಲಾಗಾರ್ಡ್ ಅಂತ ಬರೆಸಿಕೊಂಡಿದ್ದ. ಪೊಲೀಸರು ಅಳಿಸಿ ಕಳಿಸಿದರು.

ಸರ್ ಬೈದ ಮಾತುಗಳೆಲ್ಲ ಎಲ್ಲಿಂದ ಬಂದವು ಅಂತ ಹುಡುಕುವ ಹುಚ್ಚು ನನಗೆ ಹತ್ತಿತು. ಫೋನಿನಲ್ಲಿ ದಿನಕ್ಕೊಂದು ಸ್ಟೇಟಸ್. ಹೆಸರು ‘ಬೈಗುಳದ ತವರುಮನೆ’. ಡನ್ಸ್ ಅಂದರೆ ದಡ್ಡ, ಆದರೆ ಅದು ಒಬ್ಬ ದೊಡ್ಡ ಪಂಡಿತನ ಹೆಸರು. ಅವನು ಸತ್ತು ಇನ್ನೂರು ವರ್ಷದ ಮೇಲೆ ಹೊಸ ಪಂಡಿತರು ಅವನ ಪಂಥದವರನ್ನು ಗೇಲಿ ಮಾಡಿ ಮಾಡಿ ಆ ಹೆಸರೇ ದಡ್ಡ ಅಂತ ಆಯಿತು. ನೇವ್ ಅಂದರೆ ಮೊದಲು ಬರೀ ಹುಡುಗ, ಆಮೇಲೆ ಕೆಲಸದ ಹುಡುಗ, ಆಮೇಲೆ ಮೋಸಗಾರ. ವಿಲನ್ ಅಂದರೆ ಧಣಿಯ ಹೊಲಕ್ಕೆ ಕಟ್ಟುಬಿದ್ದ ರೈತ. ಬ್ಲಾಗಾರ್ಡ್ ಅಂದರೆ ದೊಡ್ಡವರ ಅಡುಗೆಮನೆಯಲ್ಲಿ ಮಸಿ ಹಿಡಿದ ಪಾತ್ರೆ ಹೊರುವವರು ಇರಬೇಕು ಅಂತ ಒಂದು ಊಹೆ. ಹಸ್ಸಿ ಅನ್ನುವುದು ‘ಹೌಸ್‌ವೈಫ್’ ಅನ್ನುವ ಮಾತೇ ಜನರ ಬಾಯಲ್ಲಿ ಸವೆದು ಆದದ್ದು, ಮೊದಲು ಅದರ ಅರ್ಥ ಮನೆ ನಡೆಸುವ ಗೃಹಿಣಿ ಅಂತಲೇ ಇತ್ತು. ಆಮೇಲೆ ಅದಕ್ಕೆ ಕೆಟ್ಟ ಅರ್ಥ ಹತ್ತಿತು. ಆ ಕೆಟ್ಟ ಅರ್ಥವನ್ನು ನಾನು ಸ್ಟೇಟಸ್‌ನಲ್ಲಿ ಹಾಕಲಿಲ್ಲ. ಅಪ್ಪ ನೋಡುತ್ತಾನೆ.

ಕಾಂಚನಾ ದಿನಾ ಓದುತ್ತಿದ್ದಳು. ಒಮ್ಮೆ ಬಸ್ಸಿನಲ್ಲಿ ಕೇಳಿದಳು: “ಲೇ ಸರಿತಾ, ಎಲ್ಲಾ ದುಡಿಯಾವ್ರ ಹೆಸರ ಅದಾವಲ್ಲ. ರೈತಾ, ಆಳಮಗಾ, ಪಾತ್ರಿ ಹೊರಾವ, ಮನಿ ಹೆಂಗಸ. ರಾಜಾ ಅನ್ನೂದು ಯಾಕ ಬೈಗಳ ಆಗಲಿಲ್ಲ?”

“ನಾಳೆ ಹುಡುಕಿ ಹಾಕತೇನಿ,” ಅಂದೆ. ಹುಡುಕಲಿಲ್ಲ.

ಕಾಂಚನಾ ನನ್ನ ಜೊತೆಗೇ ಬಿಎ ಕೊನೆಯ ವರ್ಷ. ಆದರೆ ಅವಳಿಗೆ ಕಾಲೇಜಿಗಿಂತ ದೊಡ್ಡ ಹೆಸರು ಕೈಯಲ್ಲಿದೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದ ಎಳೆಗಳ ಸಾಲು, ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಬೆರಳಿನಿಂದ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಇದಕ್ಕೆ ಕೆಚ್ಚುವುದು ಅನ್ನುತ್ತೇವೆ. ಬೆರಳಿಗೆ ಸ್ವಲ್ಪ ಬೂದಿ ಮುಟ್ಟಿಸಿಕೊಂಡು ಕೂತರೆ ಕಾಂಚನಾ ತಲೆ ಎತ್ತುವುದಿಲ್ಲ. ಅವಳು ಕೆಚ್ಚಿದ ಹಾಸು ಮಗ್ಗ ಓಡುವಾಗ ಹರಿಯುವುದಿಲ್ಲ. ಅಪ್ಪ ಸತ್ತಾಗಿನಿಂದ ಅವ್ವ, ಮಗಳು ಇಬ್ಬರೂ ಇದರ ಮೇಲೆಯೇ ನಿಂತಿದ್ದಾರೆ. ಕಾಲೇಜು, ಕ್ಲಾಸು, ಬಸ್ ಪಾಸು ಎಲ್ಲ ಆ ಹತ್ತು ಬೆರಳಿನಿಂದ.

ನಮ್ಮ ಪೇಟೆಯಲ್ಲಿ ಒಂದು ಪದ್ಧತಿ ಇದೆ. ಹಾಸು ಕೆಚ್ಚುವ ಹೆಂಗಸಿನ ಮೇಲೆ ಮಾತು ಇರಬಾರದು, ಇದ್ದರೆ ಹಾಸು ಹರಿಯುತ್ತದೆ ಅಂತ ನಂಬಿಕೆ. ಯಾರಾದರೂ ಅವಳ ನಡತೆಯ ಮೇಲೆ ಕೆಟ್ಟ ಮಾತು ಆಡಿದರೆ, ಆಡಿದವರು ಗುಡಿಯ ಪಡಸಾಲೆಯಲ್ಲಿ ಹಿರಿಯರ ಮುಂದೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಆಮೇಲೆ ತಮ್ಮ ಕೈಯಾರೆ ಎರಡು ಎಳೆ ಅವಳಿಗೆ ಕೊಡಬೇಕು. ಅವಳು ಅಲ್ಲೇ ಕೂತು ಕೆಚ್ಚುತ್ತಾಳೆ. ಅಲ್ಲಿಗೆ ಮಾತು ಹೋಯಿತು. ಅದು ಆಗುವ ತನಕ ಯಾರೂ ಅವಳನ್ನು ಮಗ್ಗದ ಹತ್ತಿರ ಕರೆಯುವುದಿಲ್ಲ.

ಹೋದ ತಿಂಗಳು ಒಂದು ಸಂಜೆ ಕಾಂಚನಾ ಚಿಮ್ಮಡದಲ್ಲಿ ಹಾಸು ಕೆಚ್ಚಲು ಹೋಗಿದ್ದಳು. ಬಸ್ಸು ತಪ್ಪಿತು. ಅದೇ ಶೆಡ್ಡಿಗೆ ಮಗ್ಗ ರಿಪೇರಿಗೆ ಬಂದಿದ್ದ ಜಾಬರ್ ಅಜಯ ಬೈಕಿನ ಮೇಲೆ ಕ್ಲಾಸಿನ ತನಕ ಬಿಟ್ಟ. ಸರ್ ಕಿಟಕಿಯಲ್ಲಿ ನಿಂತು ನೋಡಿದರು. ಅವಳು ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದಳು, ಕೂದಲಲ್ಲಿ ಹತ್ತಿಯ ಧೂಳು, ಬೆರಳಲ್ಲಿ ಬೂದಿ.

“ಕಮಿನ್, ಯು ಹಸ್ಸಿ,” ಅಂದರು ಸರ್.

ಎಲ್ಲರೂ ನಕ್ಕರು. ಬೈಗುಳ ಸಿಕ್ಕಿತಲ್ಲ ಅಂತ ಅಮಿತ ಚಪ್ಪಾಳೆ ತಟ್ಟಿದ. ಸರ್ ಮಾತ್ರ ನಗಲಿಲ್ಲ. ನಮ್ಮನ್ನು ಬಯ್ಯುವಾಗ ಅವರ ಮೀಸೆಯ ಕೆಳಗೆ ಒಂದು ನಗು ಇರುತ್ತಿತ್ತು, ಅದು ಅವತ್ತು ಇರಲಿಲ್ಲ. ಕ್ಲಾಸಿನವರ ನಗುವಿನ ಸದ್ದಿನ ಅಡಿಯಲ್ಲೇ ಅವರು ಸಣ್ಣ ದನಿಯಲ್ಲಿ ಕನ್ನಡದಲ್ಲಿ ಇನ್ನೊಂದು ಮಾತು ಆಡಿದರು. ಅದು ಕೇಳಿಸಿದ್ದು ಬಾಗಿಲಲ್ಲಿದ್ದ ಕಾಂಚನಾಗೆ, ಬಾಗಿಲ ಪಕ್ಕದ ಬೆಂಚಿನಲ್ಲಿದ್ದ ನನಗೆ. ಕಾಂಚನಾ ಒಳಗೆ ಬರಲಿಲ್ಲ. ಹಾಗೇ ಮೆಟ್ಟಿಲು ಇಳಿದಳು.

ಹತ್ತು ನಿಮಿಷದಲ್ಲಿ ಯಾರೋ ಹಸ್ಸಿ ಅನ್ನುವುದನ್ನು ಫೋನಿಗೆ ಹಾಕಿ ಅರ್ಥ ಕೇಳಿದರು. ಫೋನು ‘ನಡತೆಗೆಟ್ಟ ಹೆಂಗಸು’ ಅಂತ ಸ್ವಲ್ಪ ಮರ್ಯಾದೆಯಿಂದಲೇ ಹೇಳಿತು. ಕ್ಲಾಸಿನ ಗ್ರೂಪಿನಲ್ಲಿ ಅಷ್ಟು ಮರ್ಯಾದೆಯವರು ಇರಲಿಲ್ಲ, ಎರಡಕ್ಷರದ ನಮ್ಮ ಮಾತನ್ನು ಹಾಕಿದರು. ಮೂರನೇ ದಿನ ಆ ಎರಡಕ್ಷರ ಲಗಮವ್ವನ ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿತ್ತು. ಲಗಮವ್ವ ಅದರ ಮೇಲೆ ಸಗಣಿ ಸಾರಿಸಿದಳು. ಒಣಗಿದ ಮೇಲೆ ಆ ಒಂದು ಜಾಗ ಬೇರೆಯೇ ಬಣ್ಣ ಕಾಣುತ್ತಿತ್ತು, ದಾರಿಯಲ್ಲಿ ಹೋಗುವವರಿಗೆ ಓದಲು ಅಷ್ಟು ಸಾಕಾಯಿತು.

ಮೊದಲು ಚಿಮ್ಮಡದವರು ಕರೆಯುವುದು ಬಿಟ್ಟರು. ಆಮೇಲೆ ರಬಕವಿಯವರು. ಆಮೇಲೆ ನಮ್ಮ ಓಣಿ. ನಮ್ಮ ಮನೆಯೂ.

ಲಗಮವ್ವ ಹಿರಿಯರ ಹತ್ತಿರ ಹೋದಳು. ಗುರುವಾರ ಮುಂಜಾನೆ ಸಭೆ ಅಂತ ಗೊತ್ತಾಯಿತು. ಬುಧವಾರ ಸಂಜೆ ಸರ್ ನನಗೆ ಮೆಸೇಜು ಹಾಕಿದರು. “ಹಸ್ಸಿ ಬಗ್ಗೆ ಬಹಳ ಚಂದ ಬರೆದಿದ್ದಿ, ಇನ್ನೊಮ್ಮೆ ಕಳಿಸು. ನಿನ್ನ ಸ್ಟೇಟಸ್ ಎಲ್ಲ ಕೂಡಿಸಿ ಒಂದು ಪುಸ್ತಕ ಮಾಡಬೇಕು.” ಪುಸ್ತಕ. ನನ್ನ ಹೆಸರಿನ ಪುಸ್ತಕ. ನಾನು ಒಂದು ಹೂವಿನ ಚಿತ್ರ ಸೇರಿಸಿ ಕಳಿಸಿದೆ.

ಗುಡಿಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಮಂದಿ ಕೂತಿದ್ದರು. ನಡುವೆ ಗಿರಿಮಲ್ಲಪ್ಪ ಮುತ್ಯಾ, ಎಂಬತ್ತು ದಾಟಿದವರು. ಅವರ ಮುಂದೆ ತಾಟಿನಲ್ಲಿ ಎರಡು ಎಳೆ ಬಿಳಿ ನೂಲು ಇಟ್ಟಿದ್ದರು. ಸರ್ ಒಂದು ಕಡೆ, ಕಾಂಚನಾ ಅವ್ವನ ಜೊತೆ ಇನ್ನೊಂದು ಕಡೆ. ನಮ್ಮಪ್ಪ ನಿಂಗಣ್ಣನೂ ಕಂಬಕ್ಕೆ ಒರಗಿ ಕೂತಿದ್ದ.

“ಏನಂದ್ರು ತಂಗಿ?” ಅಂತ ಮುತ್ಯಾ ಕೇಳಿದರು.

“ಹಸ್ಸಿ ಅಂದ್ರರಿ,” ಅಂದಳು ಕಾಂಚನಾ.

“ಬ್ಯಾರೆ ಏನರ?”

ಕಾಂಚನಾ ತಲೆ ತಗ್ಗಿಸಿದಳು. “ಸರಿತಾ ಬಾಜೂಕ ಇದ್ಲರಿ. ಆಕಿನ್ನ ಕೇಳ್ರಿ.”

ಸರ್ ಕೈ ಮುಗಿದರು. “ಹಸ್ಸಿ ಅಂದದ್ದು ಖರೆ ಐತ್ರಿ. ಅದು ಕೆಟ್ಟ ಮಾತಲ್ಲ. ನಾನೂ ಅದನ್ನ ಹೇಳತೇನಿ, ನಿಮ್ಮ ಓಣಿ ಹುಡಿಗಿನ್ನ ಕೇಳ್ರಿ, ಆಕಿ ಇದನ್ನೆಲ್ಲಾ ಓದ್ಯಾಳ.”

ಎಲ್ಲರೂ ನನ್ನ ಕಡೆ ತಿರುಗಿದರು. ಹಿರಿಯರು ಒಂದು ಹುಡುಗಿಯನ್ನು ಅರ್ಥ ಕೇಳುತ್ತಿದ್ದಾರೆ. ನನಗೆ ನೆಲವೇ ಕಾಣಲಿಲ್ಲ, ಅಷ್ಟು ಖುಷಿ. ಖರೆ ಹೇಳುತ್ತೇನೆ, ಕಾಂಚನಾಳ ಒಳ್ಳೆಯದಕ್ಕೇ ಅಂತ ನಂಬಿದ್ದೆ. ಮಾತು ಹಿಂದಕ್ಕೆ ತೆಗೆದುಕೊಳ್ಳುವುದು, ಎಳೆ ಕೊಡುವುದು, ಅಷ್ಟೆಲ್ಲ ಯಾಕೆ, ಮಾತೇ ಒಳ್ಳೆಯದು ಅಂತ ತೋರಿಸಿಬಿಟ್ಟರೆ ಅವಳ ಮೇಲೆ ಏನೂ ಉಳಿಯುವುದಿಲ್ಲ ಅಂದುಕೊಂಡೆ. ಎದ್ದು ನಿಂತು ಹೌಸ್‌ವೈಫ್‌ನಿಂದ ಶುರು ಮಾಡಿದೆ. ಅದು ಹೇಗೆ ಸವೆಯಿತು, ಇಂಗ್ಲೆಂಡಿನ ಹಳ್ಳಿಗಳಲ್ಲಿ ಯಾರು ಯಾರನ್ನು ಹಾಗೆ ಕರೆಯುತ್ತಿದ್ದರು, ಎಲ್ಲ ಹೇಳಿದೆ. ಡನ್ಸ್ ಪಂಡಿತನ ಕತೆಯನ್ನೂ ಸೇರಿಸಿದೆ. ಒಬ್ಬಿಬ್ಬರು ಹಿರಿಯರು ತಲೆದೂಗಿದರು. ಅಪ್ಪ ಕಂಬ ಬಿಟ್ಟು ನೆಟ್ಟಗೆ ಕೂತ.

“ಅಂದ್ರ ಅದು ಬೈಗಳ ಅಲ್ಲ?” ಮುತ್ಯಾ ಕೇಳಿದರು.

“ಅಲ್ಲರಿ ಮುತ್ಯಾ. ಮೂಲದಾಗ ಭಾಳ ಛಲೋ ಮಾತರಿ.”

“ಅದರ ಮ್ಯಾಲ ಬ್ಯಾರೆ ಏನರ ಅಂದ್ರೇನು?”

ಸರ್ ತಮ್ಮ ಉಂಗುರವನ್ನು ತಿರುಗಿಸುತ್ತಿದ್ದರು. ಕಾಂಚನಾ ಆಗ ತಲೆ ಎತ್ತಿ ನನ್ನನ್ನು ನೋಡಿದಳು.

“ನನಗೇನ ಕೇಳಿಲ್ಲರಿ,” ಅಂದೆ.

ಮುತ್ಯಾ ತಾಟನ್ನು ಪಕ್ಕಕ್ಕೆ ಸರಿಸಿದರು. “ಬೈಗಳ ಅಲ್ಲಂದ ಮ್ಯಾಲ ಹಿಂದಕ್ಕ ತಗೋಳೂದು ಏನೈತಿ? ಏಳ್ರಿ,” ಅಂದರು. ತಾಟಿನಲ್ಲಿದ್ದ ಎಳೆ ತಾಟಿನಲ್ಲೇ ಉಳಿಯಿತು. ಸರ್ ಹೋಗುವಾಗ ನನ್ನ ತಲೆ ಮೇಲೆ ಕೈ ಇಟ್ಟು ಹೋದರು. ಕಾಂಚನಾ ಯಾವಾಗ ಎದ್ದು ಹೋದಳೋ ನಾನು ನೋಡಲಿಲ್ಲ, ನಾನು ಅಪ್ಪನ ಮುಖ ನೋಡುತ್ತಿದ್ದೆ.

ಇದು ಗುರುವಾರದ ಕತೆ.

ಶನಿವಾರ ಬಸ್ಸಿಳಿದು ಮನೆಗೆ ಬಂದರೆ ನಮ್ಮ ಒಂದು ಮಗ್ಗದ ಹಾಸು ಮುಗಿದಿತ್ತು. ಅದರ ಹಿಂದೆ ಕೂತು ಹೊಸ ಹಾಸು ಕೆಚ್ಚುತ್ತಿದ್ದವಳು ತಂಗೆವ್ವ, ಆಚೆ ಪೇಟೆಯ ಮುದುಕಿ. ಕಣ್ಣು ಮಂಜು, ಎಳೆಯನ್ನು ಮೂಗಿನ ಹತ್ತಿರ ತಂದು ನೋಡುತ್ತಿದ್ದಳು. ಮೂರು ದಿನದ ಕೆಲಸ ಮಾಡಿಕೊಳ್ಳುತ್ತಾಳೆ. ಕಾಂಚನಾ ಆಗಿದ್ದರೆ ಸಂಜೆಯೊಳಗೆ ಮುಗಿಯುತ್ತಿತ್ತು.

ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

“ಬೇ, ಕಾಂಚನಾನ್ನ ಯಾಕ ಕರೀಲಿಲ್ಲ? ಗುರುವಾರ ಎಲ್ಲಾ ಮುಗದೈತಲ್ಲ.”

“ಏನ ಮುಗದೈತಿ? ಎಳಿ ಕೊಟ್ಟರೇನು ಆಕಿ ಕೈಯಾಗ?”

“ಎಳಿ ಎದಕ? ಅದು ಬೈಗಳನ ಅಲ್ಲ.”

ಅವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದಳು. “ಅದನ್ನ ನಾನೂ ಹೇಳಾಕತ್ತೇನಿ. ಬೈಗಳ ಆಗಿದ್ರ, ಸಿಟ್ಟಿನ್ಯಾಗ ಅಂದಾರ, ಸುಳ್ಳು, ಅಂತ ಹಿಂದಕ್ಕ ತಗೋತಿದ್ರು. ಬೈಗಳ ಅಲ್ಲ ಅಂತ ನೀ ನಿಂತ ಹೇಳಿದಿ. ಹಂಗಾರ ಇದ್ದದ್ದ ಹೇಳ್ಯಾರ ಅಂತ ಆತಲ್ಲ. ಗ್ವಾಡಿ ಮ್ಯಾಗ ಬರದದ್ದೂ ಹಂಗ ಉಳೀತು.”

“ಹಂಗ ಯಾರಂದ್ರು?”

“ಯಾರ ಅನ್ನಬೇಕು. ಎಲ್ಲಾರೂ ಅನ್ನಾಕತ್ತಾರ.” ರೊಟ್ಟಿ ಉಬ್ಬಿತು, ಅವ್ವ ಅದನ್ನು ಅರಿವೆಯಿಂದ ಒತ್ತಿದಳು. “ನನಗೂ ಆಕಿ ಮ್ಯಾಲ ಅಂತಃಕರಣ ಐತಿ. ಆದ್ರ ಆಕಿ ಕೈಲೆ ಕೆಚ್ಚಿಸಿ ನಾಳೆ ಹಾಸ ಹರದ್ರ ನಿಮ್ಮಪ್ಪ ನನ್ನ ಕೇಳತಾನ.”

ಹಿಂದಿನ ಓಣಿಗೆ ಹೋದೆ. ಗೋಡೆಯ ಮೇಲಿನ ಆ ತೇಪೆ ಹಾಗೇ ಇತ್ತು. ಕಾಂಚನಾ ಒಂದು ಕೈಚೀಲಕ್ಕೆ ಬಟ್ಟೆ ತುರುಕುತ್ತಿದ್ದಳು. ನೋಟ್ಸು ಎಲ್ಲ ದಾರ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಳು.

“ನಿನಗ ಬೇಕಾದ್ರ ಒಯ್ಯಿ. ಉಜ್ವಲಾನೂ ಕೇಳ್ಯಾಳ, ಅರ್ಧಾ ಅರ್ಧಾ ಹಂಚಗೋರಿ,” ಅಂದಳು, ನನ್ನನ್ನು ನೋಡದೆ.

“ಪರೀಕ್ಷಾ ಇಪ್ಪತ್ತ ದಿನ ಐತಿ ಕಾಂಚನಾ.”

“ಗೊತ್ತೈತಿ.”

“ನಾ ನಿನ್ನ ಸಲುವಾಗಿನ ಹೇಳಿದ್ದಲೇ. ಮಾತು ಛಲೋದಂದ್ರ…”

“ಮಾತಿನ ಸುದ್ದಿ ಬಿಡು.” ಅವಳು ಚೀಲ ಕೆಳಗಿಟ್ಟಳು. “ಹಸ್ಸಿ ಅಂದದ್ದಕ್ಕ ನಾ ಮೆಟ್ಟಲಾ ಇಳದ ಹೋದ್ನೇನು? ನನಗೂ ಗೊತ್ತಿತ್ತು ಅದರ ತವರುಮನಿ, ನಿನ್ನ ಸ್ಟೇಟಸ್ ನಾನೂ ಓದೇನಿ. ಅದಾದ ಮ್ಯಾಲ ಕನ್ನಡದಾಗ ಏನಂದ್ರು?”

ನಾನು ಬಾಗಿಲ ಹತ್ತಿರದ ನೋಟ್ಸಿನ ಕಟ್ಟು ನೋಡಿದೆ.

“ನಿನಗ ಕೇಳೇತ್ಯೋ ಇಲ್ಲೋ? ನೀ ಇತ್ಲಾಗ ಹೊಳ್ಳಿ ನನ್ನ ಮಾರಿ ನೋಡಿದಿ. ಕೇಳಲಾರದಕಿ ಹಂಗ ನೋಡಂಗಿಲ್ಲ.”

“ಕೇಳೇತಿ.”

“ಏನಂದ್ರು, ಹೇಳು.”

“ಕಾಂಚನಾ…”

“ನನ್ನ ಮುಂದ ಹೇಳಾಕ ಆಗವಲ್ದು ನಿನಗ.” ಅವಳ ದನಿ ಏರಲಿಲ್ಲ. “‘ಮೊದಲ ಮೈ ತೊಳಕೊಂಡ ಬಾ, ಯಾರ್ಯಾರ ಮುಟ್ಟ್ಯಾರೋ ಏನೋ’ ಅಂದ್ರು. ಅದಕ್ಕ ಯಾವ ದೇಶದಾಗ ತವರುಮನಿ ಐತಿ, ಹುಡುಕಿ ಹಾಕತಿ ಏನು ಸ್ಟೇಟಸ್?”

ಒಳಗೆ ಲಗಮವ್ವ ಕೆಮ್ಮಿದಳು. ಎಲ್ಲ ಕೇಳಿಸಿಕೊಳ್ಳುತ್ತಿದ್ದಳು, ಹೊರಗೆ ಬರಲಿಲ್ಲ.

“ನೀನರ ಹೇಳಬೇಕಿತ್ತು ಅವತ್ತ,” ಅಂದೆ. ಅಂದ ಮೇಲೆ ನನಗೇ ನಾಚಿಕೆ ಆಯಿತು.

“ನಾ ಹೇಳಿದ್ರ ನಂದ ಮಾತು, ಅವ್ರದ ಮಾತು, ಎರಡೂ ಸಮ. ಅವ್ರು ಸರ್, ನಾ ಕೆಚ್ಚಾಕಿ. ನೀ ಹೇಳಿದ್ರ ಸಾಕ್ಷಿ ಆಗತಿತ್ತು. ಅದಕ್ಕ ನಿನ್ನ ಹೆಸರ ತಗದೆ. ನೀ ಎದ್ದ ನಿಂತ ಕೂಡಲೇ ನಮ್ಮವ್ವ ನನ್ನ ಕೈ ಹಿಡದು ಸಮಾಧಾನ ಮಾಡಿದ್ಲು, ಇನ್ನೇನ ಆತು, ಸರಿತಾ ಹೇಳತಾಳ, ಅಂತ.” ಮತ್ತೆ ಚೀಲ ಎತ್ತಿಕೊಂಡಳು. “ಹೋಗು. ನನಗ ಕೆಲಸಾ ಐತಿ.”

ಓಣಿಯ ತುದಿಗೆ ಬಂದು ಸರ್‌ಗೆ ಫೋನು ಮಾಡಿದೆ. ಎಷ್ಟು ಚಂದ ಮಾತಾಡಬೇಕು ಅಂತ ಲೆಕ್ಕ ಹಾಕಿಕೊಂಡಿದ್ದೆನೋ ಅದೆಲ್ಲ ಮರೆತುಹೋಯಿತು.

“ಹೇಳವಾ ವಿಂಡ್‌ಬ್ಯಾಗ್,” ಅಂದರು.

“ಸರ್, ಕಾಂಚನಾ ನಾಳೆ ಊರ ಬಿಟ್ಟ ಹೊಂಟಾಳರಿ. ನೀವು ಬಂದು ಆ ಮಾತ ಹಿಂದಕ್ಕ ತಗೊಂಡ್ರ ಆಕಿಗೆ ಕೆಲಸಾ ಸಿಗತೈತಿ, ಪರೀಕ್ಷಾ ಬರೀತಾಳರಿ.”

“ಯಾವ ಮಾತ?”

“ಕನ್ನಡದಾಗ ಅಂದಿದ್ರಲ್ಲರಿ.”

“ನಾ ಕನ್ನಡದಾಗ ಏನೂ ಅಂದಿಲ್ಲ. ಹಂಗ ನೀನ ಹೇಳಿದಿ, ಮಂದಿ ಕೇಳ್ಯಾರ. ನನ್ನ ಕ್ಲಾಸಿಗೆ ನಲವತ್ತ ಮಕ್ಕಳ ಬರ್ತಾರವಾ. ಅವ್ರ ತಾಯಿ ತಂದಿಗೆ ನಾ ಏನ ಹೇಳ್ಲಿ?” ಆಮೇಲೆ ಹೇಳಿದರು: “ಈಗ ಮಾತ ತಿರುವಿದ್ರ ನೀ ಏನ ಆದಿ ಗೊತ್ತೈತಿಲ್ಲೋ? ಅದಕ್ಕೂ ಇಂಗ್ಲಿಷಿನಾಗ ಒಂದ ಹಳೇ ಶಬ್ದ ಐತಿ. ಹುಡುಕಿ ನೋಡು.”

ಹುಡುಕಬೇಕಾಗಿರಲಿಲ್ಲ, ನನಗೆ ಗೊತ್ತಿತ್ತು. ಟರ್ನ್‌ಕೋಟ್. ಗುರುತು ಸಿಗಬಾರದು ಅಂತ ಅಂಗಿಯನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡು ಆಚೆ ಪಕ್ಷಕ್ಕೆ ಓಡಿದವನು. ಜನವರಿಯಲ್ಲಿ ಅದನ್ನೂ ಹಾಕಿದ್ದೆ. ಸರ್ ಅದಕ್ಕೆ ಹೆಬ್ಬೆರಳು ಎತ್ತಿದ ಚಿತ್ರ ಒತ್ತಿದ್ದರು.

ಗಿರಿಮಲ್ಲಪ್ಪ ಮುತ್ಯಾನ ಮನೆಗೆ ಹೋದಾಗ ಇನ್ನೂ ಬಿಸಿಲು ಇತ್ತು. ಅವರು ಕಟ್ಟೆಯ ಮೇಲೆ ಕೂತು ಬೇವಿನ ಕಡ್ಡಿಯಿಂದ ಹಲ್ಲಿನ ಸಂದಿ ಕೆದರಿಕೊಳ್ಳುತ್ತಿದ್ದರು.

“ಬಾ ಪಂಡಿತರ. ಕುಂದ್ರು,” ಅಂದರು. ಗೇಲಿಯೋ ಪ್ರೀತಿಯೋ ಗೊತ್ತಾಗಲಿಲ್ಲ.

ನಾನು ನಿಂತೇ ಇದ್ದೆ. “ಮುತ್ಯಾ, ಗುರುವಾರ ನಾ ಸುಳ್ಳ ಹೇಳೇನ್ರಿ.”

ಅವರು ಕಡ್ಡಿಯನ್ನು ಪಕ್ಕಕ್ಕಿಟ್ಟರು. “ಆ ಹೌಸಿನ ಸುದ್ದಿ ಸುಳ್ಳೇನು?”

“ಅದು ಖರೆ ಐತ್ರಿ. ಬ್ಯಾರೆ ಏನರ ಅಂದ್ರೇನು ಅಂತ ನೀವ ಕೇಳಿದ್ರಿ, ನನಗ ಕೇಳಿಲ್ಲ ಅಂದೆ. ಕೇಳಿತ್ತರಿ.”

“ಏನಂದ್ರು?”

ಬಾಯಿ ತೆರೆದೆ. ಎಲ್ಲದಕ್ಕೂ ಮಾತು ಇರುವ ನನಗೆ ಏಳು ಕನ್ನಡ ಪದ ಹೊರಗೆ ಬರಲಿಲ್ಲ. ಮುತ್ಯಾ ಅವಸರ ಮಾಡಲಿಲ್ಲ. ಪಕ್ಕದ ಮನೆಯಲ್ಲಿ ಮಗ್ಗ ಒಂದೇ ಸಮ ಬಡಿಯುತ್ತಿತ್ತು, ಆ ಸದ್ದಿನ ನಡುವೆ ಹೇಗೋ ಹೇಳಿದೆ. ಹೇಳುವಾಗ ಕಣ್ಣು ಮುಚ್ಚಿಕೊಂಡಿದ್ದೆ.

ಅವರು ಬೇವಿನ ಕಡ್ಡಿಯನ್ನು ಎತ್ತಿ ಓಣಿಗೆ ಎಸೆದರು. ಆಮೇಲೆ, “ನಾನೂ ತಪ್ಪಿದೆ,” ಅಂದರು. “ಮಾತಿನ ಅರ್ಥ ಕೇಳಿದೆ. ಆ ಕೂಸು ಬಾಗಲದಾಗಿಂದ ಯಾಕ ಹೊಳ್ಳಿ ಹೋತು ಅಂತ ಕೇಳಲಿಲ್ಲ.”

“ಮತ್ತ ಸಭಾ ಕೂಡಸ್ರಿ ಮುತ್ಯಾ. ನಾಳೆನ ಕೂಡಸ್ರಿ. ಆಕಿ ಹನ್ನೊಂದಕ್ಕ ಹೋಗಾಕಿ.”

“ಕೂಡಸೂದೇನ ದೊಡ್ಡ ಮಾತಲ್ಲ. ಇಲ್ಲೆ ನನ್ನ ಮುಂದ ಕಣ್ಣ ಮುಚ್ಚಿ ಹೇಳಿದಿ. ಅಲ್ಲೆ ನಿಮ್ಮಪ್ಪ ಕುಂತಿರತಾನ. ಆ ಮಾಸ್ತರ ಕುಂತಿರತಾನ. ಆಂವ ಇಲ್ಲಂತಾನ, ನೀ ಹೌದನಬೇಕು. ಗುರುವಾರ ಸುಳ್ಳಾಡಿದಾಕಿ ಇವತ್ತ ಖರೆ ಆಡತಾಳಂತ ಹೆಂಗ ನಂಬೂದು ಅಂತ ಯಾರರ ಕೇಳತಾರ. ಕೇಳೇ ಕೇಳತಾರ.”

“ಏನ ಹೇಳ್ಲಿರಿ ಆಗ?”

“ಅದನ್ನ ನಾ ಹೇಳಿಕೊಟ್ರ ನನ್ನ ಸಾಕ್ಷಿ ಆಗತೈತಿ.” ಅವರು ಕಟ್ಟೆಯಿಂದ ನಿಧಾನ ಇಳಿದು ಚಪ್ಪಲಿ ಹುಡುಕಿದರು. “ಇನ್ನೊಂದ ಐತಿ, ಕೇಳ್ಕೊ. ಸಾಕ್ಷಿ ತಿರುವಿದಾಕಿ ಅನ್ನೂ ಮಾತ ನಿನ್ನ ಮ್ಯಾಲ ಬೀಳತೈತಿ. ಅದು ಖರೇ ಮಾತು. ಅದನ್ನ ಹಿಂದಕ್ಕ ತಗೋಳಾಕ ಯಾರೂ ಬರಂಗಿಲ್ಲ. ನಾಳೆ ನೀನೂ ಕೆಚ್ಚಾಕ ಕುಂದ್ರೂದ ಐತಿ, ಒಂದ ಮನಿಗೆ ಹೋಗೂದ ಐತಿ. ಮನಿಗೆ ಹೋಗಿ ನಿಮ್ಮಪ್ಪನ ಕೂಡ ಮಾತಾಡು. ಆಂವ ಒಲ್ಲೆ ಅಂದ್ರ ನಾ ನಿನ್ನ ಕರ್ಯಂಗಿಲ್ಲ.”

“ಅಪ್ಪ ಒಲ್ಲೆ ಅಂದ್ರೂ ಬರ್ತೀನ್ರಿ.”

ಇದು ನನ್ನ ಬಾಯಿಂದ ಹೇಗೆ ಬಂತೋ. ಮುತ್ಯಾ ನನ್ನನ್ನು ಒಮ್ಮೆ ನೋಡಿ, ಸಭೆ ಹೇಳಿಕಳಿಸಲು ಗುಡಿಯ ಕಡೆ ಹೊರಟರು. “ಒಂಬತ್ತಕ್ಕ,” ಅಂದರು. “ಆಕಿ ಇರಬೇಕು. ಆಕಿ ಇಲ್ಲದ ಎಳಿ ಯಾರ ಕೈಯಾಗ ಕೊಡೂದು?”

ಅಪ್ಪ ಮಗ್ಗದ ಹತ್ತಿರ ನಿಂತು ತಂಗೆವ್ವ ಕೆಚ್ಚಿದ್ದನ್ನು ನೋಡುತ್ತಿದ್ದ. ಹೇಳಿದೆ. ಎಲ್ಲ ಅಲ್ಲ, ಆ ಏಳು ಪದ ಬಿಟ್ಟು ಉಳಿದದ್ದೆಲ್ಲ. ಅಪ್ಪ ಒಂದೇ ಒಂದು ಮಾತು ಕೇಳಿದ.

“ಗುರುವಾರ ನಾ ಅಲ್ಲೆ ಕುಂತಾಗ, ನೀ ಸುಳ್ಳ ಹೇಳಾಕತ್ತಿದ್ದಿ?”

“ಹೂಂ.”

ಅವನು ಪಕ್ಕದ ಮಗ್ಗ ಚಾಲೂ ಮಾಡಿದ. ಇನ್ನೊಂದು ಮಗ್ಗ. ಮೂರನೆಯದು. ಆ ಗದ್ದಲದಲ್ಲಿ ಇನ್ನು ಯಾರೂ ಏನೂ ಮಾತಾಡುವಂತಿರಲಿಲ್ಲ. ಅವ್ವ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಪ್ಪ ಸಭೆಗೆ ಬರುತ್ತಾನೋ ಇಲ್ಲವೋ ಅಂತ ಇದನ್ನು ಬರೆಯುವ ಹೊತ್ತಿಗೂ ನನಗೆ ಗೊತ್ತಿಲ್ಲ.

ಕಾಂಚನಾಗೆ ಫೋನು ಮಾಡಿದೆ. ಮೂರು ಸಲ ಎತ್ತಲಿಲ್ಲ. ನಾಲ್ಕನೆಯ ಸಲ ಎತ್ತಿದಳು.

“ನಾಳೆ ಒಂಬತ್ತಕ್ಕ ಗುಡ್ಯಾಗ ಸಭಾ ಐತಿ. ಮುತ್ಯಾ ಕರದಾರ. ನಾ ಹೇಳತೇನಿ. ಎಲ್ಲಾ ಹೇಳತೇನಿ.”

“ಸರ್ ಇಲ್ಲಂದ್ರ?”

“ಇಲ್ಲ ಅಂತಾರ. ಗೊತ್ತೈತಿ.”

“ನಿನ್ನ ಯಾರೂ ನಂಬಲಿಲ್ಲಂದ್ರ?”

ಆ ಕಡೆ ಲಗಮವ್ವ ಯಾರದು ಅಂತ ಕೇಳುವುದು, ಕಾಂಚನಾ ಯಾರೂ ಅಲ್ಲ ಅನ್ನುವುದು ಕೇಳಿಸಿತು.

“ಒಂಬತ್ತಕ್ಕ ಬರ್ತೀನಿ,” ಅಂದಳು ಆಮೇಲೆ. “ಚೀಲಾ ತಗೊಂಡ ಬರ್ತೀನಿ.”